ಹಂಡ್ಯಾನಿಗೆ ಒಂದೇ ಕೂಗು

ಸತ್ತು ಬಿದ್ದಿದ್ದ ಚಿಗರಿಯ, ಅಂದರೆ ಕೃಷ್ಣಮೃಗದ, ಸುತ್ತ ನಾನು ಮೂರು ಸುತ್ತು ಹಾಕಿದೆ. ಕುತ್ತಿಗೆಯ ಮೇಲೆ ಹಲ್ಲಿನ ಗುರುತಿರಲಿಲ್ಲ. ಮುಂಗಾಲು ಮುರಿದಿತ್ತು. ಬದುವಿನ ಹಸಿ ಎರೆಮಣ್ಣಿನಲ್ಲಿ ನಮ್ಮ ನಾಯಿಯ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಮೂಡಿದ್ದವು. ಹೆಜ್ಜೆ ಇದೆ ಎಂದರೆ ನಾಯಿ ಇಲ್ಲಿಯವರೆಗೆ ಬಂದಿತ್ತು ಎಂದಷ್ಟೇ ಸಾಬೀತಾಗುತ್ತದೆ, ಕೊಂದಿತು ಎಂದಲ್ಲ, ಬದು ಜಿಗಿಯುವಾಗ ಚಿಗರಿಯ ಕಾಲು ಜಾರಿರಬಹುದು ಎಂದು ನಾನು ಅರಣ್ಯ ಇಲಾಖೆಯ ಗಾರ್ಡಿನ ಮುಂದೆ ವಾದ ಮಾಡಿದೆ. ಆತ ಸೈಕಲ್ಲಿನ ಹ್ಯಾಂಡಲ್ ಹಿಡಿದುಕೊಂಡೇ ಪೂರ್ತಿ ಕೇಳಿಸಿಕೊಂಡ.

"ವಾದ ಛಲೋ ಐತ್ರಿ," ಅಂದ. "ಇದನ್ನ ಜತನ ಮಾಡಿ ಇಟ್ಕೋರಿ. ಎರಡನೇ ಚಿಗರಿ ಬಿದ್ದ ದಿನ ಕೋರ್ಟಿನ್ಯಾಗ ಉಪಯೋಗಕ್ಕ ಬರತೈತಿ."

ಇದು ಎಂಬತ್ಮೂರರ ಮಳೆಗಾಲದ ಕೊನೆಯ ಮಾತು. ಅಂತೂರ ಬೆಂತೂರದ ಗೌಡರೊಬ್ಬರು ಆ ವರ್ಷ ನಾಲ್ಕು ಎಕರೆಯಲ್ಲಿ ಹೈಬ್ರಿಡ್ ಹತ್ತಿಯ ಬೀಜದ ಪ್ಲಾಟು ಹಾಕಿದ್ದರು. ಅದಕ್ಕೆ ನಾನು ಸೂಪರ್‌ವೈಸರ್. ಮಧ್ಯಾಹ್ನ ಮೂರರ ಮೇಲೆ, ಮರುದಿನ ಅರಳಲಿರುವ ಮೊಗ್ಗನ್ನು ಉಗುರಿನಿಂದ ಸೀಳಿ, ಒಳಗಿನ ಗಂಡು ಕೇಸರ ತೆಗೆದು, ಕೆಂಪು ಕಾಗದದ ಕೊಳವೆ ತೊಡಿಸಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಜಾತಿಯ ಹೂ ಕಿತ್ತು ತಂದು ಅದರ ಪರಾಗವನ್ನು ಇದಕ್ಕೆ ಸವರಬೇಕು. ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಒಂದೊಂದು ಮೊಗ್ಗೂ ಕೈಯಿಂದಲೇ ಆಗಬೇಕು. ಮೂವತ್ತು ಹೆಣ್ಣುಮಕ್ಕಳು ಎರಡು ತಿಂಗಳು ಸಾಲು ಹಿಡಿದು ಮಾಡುವ ಈ ಕೆಲಸವನ್ನು ಹತ್ತು ಚಿಗರಿಗಳ ಒಂದು ಹಿಂಡು ಒಂದು ಮುಂಜಾನೆ ಮೇದು ಮುಗಿಸಬಲ್ಲದು.

ಅದಕ್ಕೇ ಹಂಡ್ಯಾ. ಉದ್ದ ಕಾಲು, ಸಣ್ಣ ನಡು, ಕಪ್ಪು ಬಿಳುಪಿನ ಹಂಡ ಬಣ್ಣದ ಬೇಟೆ ತಳಿಯ ನಾಯಿ, ಎರಡು ವರ್ಷದ್ದು. ಚಿಗರಿ ಕಂಡರೆ ಹಾರುತ್ತಿತ್ತು. ಅದರ ತೊಂದರೆ ಒಂದೇ, ಬದುವಿನಲ್ಲಿ ನಿಲ್ಲುತ್ತಿರಲಿಲ್ಲ. ಆಚೆಯವರ ಜೋಳದ ಹೊಲ, ಅದರಾಚೆಯ ಬೀಳು, ಹಳ್ಳ, ಎಲ್ಲ ದಾಟಿ ಅಟ್ಟಿಕೊಂಡು ಹೋಗುತ್ತಿತ್ತು. ಕಟ್ಟಿ ಹಾಕಿ ನೋಡಿದೆವು. ಕಟ್ಟಿದ ನಾಯಿ ಬೊಗಳಬಹುದೇ ಹೊರತು ಅಟ್ಟಲಾರದು ಎಂದು ಚಿಗರಿಗಳು ಮೂರೇ ದಿನದಲ್ಲಿ ಕಲಿತವು.

ಗಾರ್ಡು ಹೋದ ಮೇಲೆ ಗೌಡರು ಹೊಲಮನೆಯ ಕಟ್ಟೆಯ ಮೇಲೆ ಕೂತು ನ್ಯಾಯ ಹೇಳಿದರು. ಅವರ ಮನೆಯಲ್ಲಿ ಬೆಳೆ ಕಾಯಲು ಲೈಸನ್ಸಿನ ಬಂದೂಕಿತ್ತು. "ಚಿಗರಿಗೆ ಹಾರಿಸಾಕ ಕಾಯ್ದೆ ಇಲ್ಲ. ನಾಯಿಗೆ ಐತಿ," ಅಂದರು.

ಕಾಲೇಜಿನಲ್ಲಿ ನಾಲ್ಕು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿದವನು ನಾನು. ಎದುರಿನವರು ತೀರ್ಪಿನ ಧಾಟಿಯಲ್ಲಿ ಮಾತಾಡಿದರೆ ನನಗೆ ಸುಮ್ಮನಿರಲಿಕ್ಕೆ ಆಗುವುದಿಲ್ಲ. ಕಲಿಸದೆ ಶಿಕ್ಷೆ ಕೊಡುವುದು ಯಾವ ನ್ಯಾಯ, ಕರೆದರೆ ತಿರುಗಿ ಬರುವುದನ್ನು ಯಾರಾದರೂ ಅದಕ್ಕೆ ಕಲಿಸಿದ್ದಾರೆಯೇ, ಸರಿಯಾದ ಪದ್ಧತಿಯಿಂದ ಕಲಿಸಿದರೆ ಯಾವ ನಾಯಿಯಾದರೂ ಕಲಿಯುತ್ತದೆ ಎಂದು ಮೂವತ್ತು ಹೆಣ್ಣುಮಕ್ಕಳ ಮುಂದೆ ಹೇಳಿಬಿಟ್ಟೆ. ಗೌಡರು ನಕ್ಕರು.

"ಆತು ವಕೀಲಪ್ಪ. ದೀಪಾವಳಿ ತನಕ ನಾಯಿ ನಿಂದು. ಪಾಡ್ಯದ ಮರುದಿನ ನಂದು."

ಹೀಗೆ, ನಾಯಿ ಸಾಕಿ ಗೊತ್ತಿಲ್ಲದ ನಾನು ಅದರ ಜೀವಕ್ಕೆ ಜಾಮೀನಾದೆ. ದೀಪಾವಳಿಗೆ ಏಳು ವಾರ ಇತ್ತು.

ಪದ್ಧತಿ ಹುಡುಕುತ್ತ ಮೊದಲು ಹೋದದ್ದು ಬೆಟಗೇರಿಗೆ. ಪೊಲೀಸ್ ನಾಯಿಗಳ ದಳದಲ್ಲಿದ್ದು ನಿವೃತ್ತರಾದ ಹವಾಲ್ದಾರರೊಬ್ಬರು ಅಲ್ಲಿ ಮಗ್ಗದವರ ಓಣಿಯಲ್ಲಿದ್ದರು. ಹಿತ್ತಲಲ್ಲಿ ತಮ್ಮ ನಾಯಿಯನ್ನು ನಿಲ್ಲಿಸಿ "ಸಿಟ್" ಅಂದರು, ಕೂತಿತು. "ಅಪ್" ಅಂದರು, ಎದ್ದಿತು. ಐದು ಸಲ ಹೇಳಿದರು, ಐದು ಸಲವೂ ತಪ್ಪಲಿಲ್ಲ. ಐದಕ್ಕೆ ಐದು ಬಂದ ಯಾವುದನ್ನೂ ನಾನು ನಂಬುವುದಿಲ್ಲ. ಅವರ ಮುಖ ಬಿಟ್ಟು ಕಾಲು ನೋಡಿದೆ. ಪ್ರತಿ ಸಲ ಹೇಳುವ ಮೊದಲು ಬಲಗಾಲಿನ ಹಿಮ್ಮಡಿ ನೆಲಕ್ಕೆ ಬಡಿಯುತ್ತಿತ್ತು. ಕುರ್ಚಿಯ ಮೇಲೆ ಕಾಲು ಮಡಚಿ ಕೂತು ಹೇಳ್ರಿ ಎಂದೆ. ಅವರು ಕೂತರು, ಹೇಳಿದರು. ನಾಯಿ ಅವರ ಪಾದ ಇರಬೇಕಾದ ಜಾಗವನ್ನೇ ನೋಡುತ್ತ ನಿಂತಿತು.

ಹವಾಲ್ದಾರರಿಗೆ ಸಿಟ್ಟು ಬರಲಿಲ್ಲ. "ಹಿಮ್ಮಡಿ ಬಡದರ ಕುಂಡ್ರತೈತಲ್ಲ, ಸಾಕಲ್ಲೇನ್ರಿ? ನಿಮಗ ನಾಯಿ ಬೇಕಾಗೇತೋ, ವಾದ ಬೇಕಾಗೇತೋ?" ಎಂದು ಕೇಳಿದರು.

ನಾನು ಅವರ ಪದ್ಧತಿ ಬರೆದುಕೊಂಡೆ, ಬೇರೆ ಪದ್ಧತಿ ಕೈಯಲ್ಲಿರಲಿಲ್ಲ. ಇಪ್ಪತ್ತು ಮಾರು ಹಗ್ಗ, ಎಳೆದರೆ ಬಿಗಿಯುವ ಸರಪಳಿಯ ಕೊರಳಪಟ್ಟಿ. ನಾಯಿಯನ್ನು ದೂರ ಬಿಟ್ಟು ಹೆಸರು ಹಿಡಿದು ಕರೆಯಬೇಕು. ಬರದಿದ್ದರೆ ಜಗ್ಗಬೇಕು. ತಡಮಾಡಿ ಬಂದರೆ ಹುಣಸೆಯ ಬರಲಿನಿಂದ, ಅಂದರೆ ಎಳೆಯ ಕೋಲಿನಿಂದ, ಒಂದು ಕೊಡಬೇಕು. ಹದಿನೈದು ದಿನ ಮಾಡಿದೆ. ಹಗ್ಗ ಇದ್ದಾಗ ಹಂಡ್ಯಾ ಬಂದ. ಹಗ್ಗ ಬಿಚ್ಚಿದ ದಿನ ಕರೆದರೆ ನಾಲ್ಕು ಮಾರು ದೂರದವರೆಗೆ ಬಂದು, ಅಲ್ಲಿಂದ ನನ್ನ ಸುತ್ತ ವೃತ್ತ ಹೊಡೆದ. ಆ ಕೋಲು ಎಷ್ಟು ದೂರ ತಲುಪುತ್ತದೆ ಎಂದು ನನಗಿಂತ ಚೆನ್ನಾಗಿ ಅಳೆದಿದ್ದ.

ಎರಡನೆಯ ಪದ್ಧತಿ ಲಕ್ಷ್ಮೇಶ್ವರದ್ದು. ಅಲ್ಲಿ ದನದ ದವಾಖಾನೆಯಲ್ಲಿ ಪರಿಚಯದ ಕಂಪೌಂಡರ್ ಒಬ್ಬರಿದ್ದರು. ಹೊಡೆಯುವುದೇ ತಪ್ಪು, ಬಂದಾಗಲೆಲ್ಲ ಬಾಯಿಗೆ ಏನಾದರೂ ಹಾಕಿರಿ, ಆಗ ಅದಕ್ಕೆ ಬರುವುದೇ ಸುಖ ಅನಿಸುತ್ತದೆ ಎಂದರು. ಕೇಳಲು ಚೆನ್ನಾಗಿತ್ತು. ಕೇಳಲು ಚೆನ್ನಾಗಿರುವುದು ನನಗೆ ಇನ್ನಷ್ಟು ಅನುಮಾನ ಹುಟ್ಟಿಸುತ್ತದೆ. ಬಸ್ಸಿನಲ್ಲಿ ವಾಪಸು ಬರುವಾಗಲೇ ಎದುರು ವಾದ ಸಿದ್ಧವಾಗಿತ್ತು: ಇದು ಲಂಚ, ಲಂಚಕ್ಕೆ ಬರುವವನು ದೊಡ್ಡ ಲಂಚ ಕಂಡರೆ ಹೋಗುತ್ತಾನೆ, ಓಡುವ ಚಿಗರಿಗಿಂತ ದೊಡ್ಡ ಲಂಚ ನಾಯಿಗೆ ಯಾವುದಿದೆ?

ಆದರೂ ಮಾಡಿದೆ. ಪಂಚೆಯ ತುದಿಯಲ್ಲಿ ಬೆಲ್ಲ, ಒಣ ಕೊಬ್ಬರಿ, ರೊಟ್ಟಿಯ ಚೂರು. ಮೊದಲ ಎರಡು ದಿನ ಹಂಡ್ಯಾ ಮಿಂಚಿನ ಹಾಗೆ ಬಂದ. ನಾನು ಅಷ್ಟಕ್ಕೆ ಬಿಡಲಿಲ್ಲ, ಪರೀಕ್ಷೆ ಇಟ್ಟೆ. ಒಂದು ನೋಟುಬುಕ್ಕಿನಲ್ಲಿ ಗೆರೆ ಎಳೆದು ಎಷ್ಟನೆಯ ಕೂಗು, ಎಷ್ಟು ದೂರ, ಗಾಳಿ ಯಾವ ಕಡೆ, ಕೈಯಲ್ಲಿ ತಿನಿಸು ಇತ್ತೋ ಇಲ್ಲವೋ, ಬಂದನೋ ಇಲ್ಲವೋ ಎಂದು ಬರೆದೆ. ಬರಿಗೈಯಿಂದ ಕರೆದೆ. ಬೆನ್ನು ಮಾಡಿ ಕರೆದೆ. ಎಮ್ಮೆಯ ಗೂಟದ ಹತ್ತಿರ ಮಲಗಿದ್ದಾಗ ಕರೆದೆ, ನೀರು ಕುಡಿಯುವಾಗ ಕರೆದೆ. ಬಂದ ಮೇಲೆ, ಬಂದದ್ದು ಆಕಸ್ಮಿಕವಲ್ಲ ಎಂದು ಖಾತ್ರಿ ಮಾಡಿಕೊಳ್ಳಲು ದೂರ ಹೋಗಿ ಮತ್ತೆ ಕರೆದೆ. ದಿನಕ್ಕೆ ನಲವತ್ತು ಐವತ್ತು ಸಲ ಆಗುತ್ತಿತ್ತು. ಮೊದಲ ದಿನ ಹತ್ತಕ್ಕೆ ಎಂಟು ಸಲ ಬಂದವನು ನಾಲ್ಕನೆಯ ದಿನ ಹತ್ತಕ್ಕೆ ಐದಕ್ಕಿಳಿದ, ವಾರದ ಕೊನೆಗೆ ಎರಡಕ್ಕೆ. ನನಗೆ ಒಳಗೊಳಗೇ ಒಂದು ಸಮಾಧಾನವಾಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ಕಂಪೌಂಡರರ ಪದ್ಧತಿ ಸುಳ್ಳು ಎಂದು ನಾನು ಅಂಕಿ ಸಮೇತ ತೋರಿಸಿದ್ದೆ.

ಹಂಡ್ಯಾನನ್ನು ಸೋಲಿಸುತ್ತಿದ್ದೇನೆ ಎಂದು ಹೊಳೆಯಲಿಲ್ಲ.

ಆ ವಾರದಲ್ಲೇ ಅವನು ಇನ್ನೊಂದು ಹಿಂಡಿನ ಹಿಂದೆ ಬಿದ್ದು ಹಳ್ಳದವರೆಗೆ ಹೋದ. ನಾನು ಬದುವಿನ ಮೇಲೆ ನಿಂತು ಗಂಟಲು ಹರಿಯುವಂತೆ ಹದಿನೇಳು ಸಲ ಕರೆದೆ. ಎಣಿಸಿದ್ದೆ. ಸಂಜೆಗೆ ಮೈತುಂಬ ಮುಳ್ಳು ಗೀರಿಸಿಕೊಂಡು ತಾನಾಗಿ ಬಂದ. ಪುಣ್ಯಕ್ಕೆ ಯಾವ ಚಿಗರಿಯೂ ಬಿದ್ದಿರಲಿಲ್ಲ. ಗೌಡರು ಪಂಚಾಂಗ ತೆರೆಸಿ, ದೀಪಾವಳಿಯ ಅಮಾವಾಸ್ಯೆ ಯಾವತ್ತು ಎಂದು ನನಗೆ ಕೇಳುವ ಹಾಗೆ ಜೋರಾಗಿ ಓದಿಸಿದರು. ಮೂರು ವಾರ ಉಳಿದಿತ್ತು.

ಮರುದಿನ ಮಧ್ಯಾಹ್ನ ಬೇವಿನ ನೆರಳಿನಲ್ಲಿ ಹೆಣ್ಣುಮಕ್ಕಳು ಬುತ್ತಿ ಬಿಚ್ಚಿದ್ದರು. ನಾನು ಸ್ವಲ್ಪ ದೂರದಲ್ಲಿ ನೋಟುಬುಕ್ಕು ಹಿಡಿದು ಕೂತಿದ್ದೆ. ಅವರೊಳಗೆ ಎಲ್ಲರೂ ಹಿರಿಯಳೆಂದು ಒಪ್ಪಿದ ಮುದುಕಿಯೊಬ್ಬಳಿದ್ದಳು, ಎಲ್ಲರಿಗೂ ದೊಡ್ಡವ್ವ. ತವರು ಮುಂಡರಗಿ ಕಡೆ, ಕುರಿ ಕಾಯುವವರ ಮನೆ. ಲಗ್ನವಾಗಿ ಇಲ್ಲಿಗೆ ಬರುವವರೆಗೂ ಕುರಿಯ ಹಿಂದೆಯೇ ತಿರುಗಿದವಳು. ಆಕೆ ರೊಟ್ಟಿಯಲ್ಲಿ ಮೊದಲ ತುಣುಕು ಮುರಿದು ಬದಿಗಿಟ್ಟು, ತಲೆ ಎತ್ತದೆ, ಗಂಟಲಿನಲ್ಲಿ "ಹೋ...ಯ್" ಎಂದು ಒಮ್ಮೆ ಕೂಗಿದಳು. ಎರಡು ಹೊಲದಾಚೆ ಬದುವಿನ ಮೇಲೆ ಮಲಗಿದ್ದ ಹಂಡ್ಯಾ ಎದ್ದು ನೇರ ಬಂದ. ತುಣುಕು ತಿಂದು ಅಲ್ಲೇ ಮಲಗಿದ.

ಇದನ್ನು ನಾನು ದಿನವೂ ನೋಡಿದ್ದೆ. ಊಟದ ಹೊತ್ತು, ನಾಯಿ ಬರುತ್ತದೆ ಎಂದು ಬಿಟ್ಟಿದ್ದೆ. ಅವತ್ತು ಮಾತ್ರ ಅನುಮಾನ ಬಂತು. ರೊಟ್ಟಿಗೆ ಬರುವುದಾದರೆ ಬುತ್ತಿ ಬಿಚ್ಚಿದ ಸದ್ದಿಗೇ ಬರಬೇಕು, ಮೂವತ್ತು ಬುತ್ತಿ ಬಿಚ್ಚಿ ಆಗಲೇ ಸುಮಾರು ಹೊತ್ತಾಗಿತ್ತು. ಉಳಿದ ಹೆಣ್ಣುಮಕ್ಕಳು ಅಷ್ಟು ಹೊತ್ತೂ "ಹಂಡ್ಯಾ ಬಾ, ಬಾರೋ" ಎಂದು ಚೇಷ್ಟೆಗೆ ಕರೆಯುತ್ತಲೇ ಇದ್ದರು. ಅದಕ್ಕೆ ಅವನು ಕಿವಿಯನ್ನೂ ಆಡಿಸಿರಲಿಲ್ಲ.

ಮರುದಿನ ಬೆಳಿಗ್ಗೆ, ಊಟದ ಹೊತ್ತಲ್ಲದ ಹೊತ್ತಿನಲ್ಲಿ, ದೊಡ್ಡವ್ವನನ್ನು ಪಂಪ್‌ಸೆಟ್ಟಿನ ಮನೆಯ ಹಿಂದೆ ನಿಲ್ಲಿಸಿದೆ, ನಾಯಿಗೆ ಕಾಣದ ಹಾಗೆ. ಬುತ್ತಿಯ ಗಂಟು ಇನ್ನೊಬ್ಬಳ ಕೈಯಲ್ಲಿ ಕೊಟ್ಟು ದೂರ ಕಳಿಸಿದೆ. ಕೈ ಕಾಲು ಆಡಿಸಬೇಡ ಎಂದೆ. ದೊಡ್ಡವ್ವ ನನ್ನನ್ನು ಒಂದು ನಮೂನಿ ನೋಡಿ, ಒಮ್ಮೆ ಕೂಗಿದಳು. ಹಂಡ್ಯಾ ಗೋಡೆ ಸುತ್ತಿ ಬಂದು ಅವಳ ಸೀರೆಗೆ ಮೂತಿ ತಾಗಿಸಿದ. ಆಕೆ ಉಡಿಯಿಂದ ಒಂದು ಚೂರು ರೊಟ್ಟಿ ತೆಗೆದು ಕೊಟ್ಟಳು. ಉಡಿ ನೋಡುವುದು ನನಗೆ ತೋಚಿರಲಿಲ್ಲ.

"ಇನ್ನೊಮ್ಮೆ ಕರಿ ದೊಡ್ಡವ್ವ," ಎಂದೆ.

"ಯಾಕ್ರಿ?"

"ಖಾತ್ರಿ ಆಗಬೇಕು."

"ಬಂದದ್ದನ್ನ ಮತ್ತ್ಯಾಕ ಕರೀಲಿ?" ಅಂದಳು. "ನಾ ಕರಿಯೂದಿಲ್ಲ. ನೀವು ದಿನಾ ಅದ ಮಾಡತೀರಿ. ಬಂದ್ರ ಮತ್ತ ದೂರ ಹೋಗಿ ಕರೀತೀರಿ, ಬರಲಿಲ್ಲಂದ್ರ ಹತ್ತು ಸಲ ಕರದು ಬುಕ್ಕಿನ್ಯಾಗ ಬರೀತೀರಿ. ಬರಲಿಲ್ಲಂದ್ರೂ ಅದಕ್ಕ ಏನೂ ಆಗೂದಿಲ್ಲ, ಬಂದ್ರೂ ನೆಟ್ಟಗಿಲ್ಲ. ಹಂಗಾರ ಯಾಕ ಬರಬೇಕ್ರಿ ಅದು?"

ನಾನು ವಾದಕ್ಕೆ ನಿಂತೆ. ನಿನ್ನದೂ ರೊಟ್ಟಿಯೇ, ಕಂಪೌಂಡರರದೂ ರೊಟ್ಟಿಯೇ, ವ್ಯತ್ಯಾಸ ಏನು? ಆಕೆ ಮೊಗ್ಗು ಸೀಳುತ್ತಲೇ ಉತ್ತರ ಕೊಟ್ಟಳು. ಅವಳ ಮಾತಿನ ಸಾರ ಇಷ್ಟು: ತಿನಿಸು ಕೊಡುವುದು ತಪ್ಪಲ್ಲ, ಹಗ್ಗ ಕಟ್ಟುವುದೂ ತಪ್ಪಲ್ಲ. ಕುರಿಯವರು ಎರಡನ್ನೂ ಮಾಡುತ್ತಾರೆ. ಆದರೆ ಕರೆದು ಹೊಡೆಯುವುದಿಲ್ಲ. ಹೊಡೆಯಲೇಬೇಕಾದರೆ ನಾಯಿ ಇದ್ದಲ್ಲಿಗೆ ಹೋಗಿ ಹೊಡೆಯುತ್ತಾರೆ. ಚೇಷ್ಟೆಗೆ ಕರೆಯುವುದಿಲ್ಲ. ಒಮ್ಮೆ ಕರೆದರೆ ಎರಡನೆಯ ಸಲ ಕರೆಯುವುದಿಲ್ಲ.

"ಬರೂದಿಲ್ಲಂತ ಗೊತ್ತಿದ್ದಾಗ ಕರೀಬಾರದ್ರಿ. ಎದ್ದು ಹೋಗಿ ಹಿಡ್ಕೊಂಡು ಬರಬೇಕು. ಆ ಹಂಡ್ಯಾ ಅನ್ನೂ ಹೆಸರು ಸವದು ಹೋಗೇತಿ. ನೀವಷ್ಟ ಅಲ್ಲ, ಈ ಹುಡುಗ್ಯಾರೂ ಸವಸ್ಯಾರ."

ರಾತ್ರಿ ಊಟ ಮಾಡಿ ನೋಟುಬುಕ್ಕನ್ನು ಮೊದಲಿನಿಂದ ತಿರುವಿದೆ. ನನ್ನದೇ ಅಕ್ಷರ. ಪ್ರತಿ ದಿನವೂ ಮೊದಲ ಐದು ಕೂಗಿಗೆ ಹಂಡ್ಯಾ ಬಹುತೇಕ ಬಂದಿದ್ದ. ತಪ್ಪಿದ್ದೆಲ್ಲ ಆಮೇಲೆ. ಹವಾಲ್ದಾರರ ಹಿಮ್ಮಡಿಯನ್ನು ಕಂಡುಹಿಡಿದ ನನ್ನ ಕಣ್ಣಿಗೆ ನನ್ನ ಬಾಯಿ ಕಂಡಿರಲಿಲ್ಲ. ಪದ್ಧತಿಗಳನ್ನು ಪರೀಕ್ಷೆ ಮಾಡುತ್ತಿದ್ದೇನೆ ಎಂದುಕೊಂಡವನು ದಿನಕ್ಕೆ ಐವತ್ತು ಸಲ ನಾಯಿಗೆ ಒಂದೇ ಪಾಠ ಕಲಿಸಿದ್ದೆ: ಇವನ ಕೂಗಿಗೆ ಅರ್ಥವಿಲ್ಲ. ಪಾಠ ಕಲಿಸುವುದರಲ್ಲಿ ಹವಾಲ್ದಾರರು, ಕಂಪೌಂಡರರು, ನಾನು ಈ ಮೂವರೊಳಗೆ ನಾನೇ ಹೆಚ್ಚು ಯಶಸ್ವಿ.

ಇಲ್ಲಿಯೂ ನನ್ನ ಬುದ್ಧಿ ಸುಮ್ಮನಿರಲಿಲ್ಲ. ಒಬ್ಬಳು ಮುದುಕಿ, ಒಂದು ನಾಯಿ, ಇದರಿಂದ ಏನು ಸಾಬೀತಾಗುತ್ತದೆ? ಅವಳ ಪದ್ಧತಿಯ ತೊಡಕು ಏನೆಂದರೆ ಅದನ್ನು ಪರೀಕ್ಷಿಸಿ ನೋಡಲು ಹೋದರೆ ಅದು ಕೆಡುತ್ತದೆ. ನಂಬಿಯೇ ಮಾಡಬೇಕು. ಹಾಗೆ ಹೇಳುವ ಯಾವ ಮಾತನ್ನೂ ನಾನು ಅದುವರೆಗೆ ಒಪ್ಪಿರಲಿಲ್ಲ, ಮಠದ ಜಗುಲಿಯಲ್ಲಾಗಲಿ ಕಾಲೇಜಿನ ವೇದಿಕೆಯಲ್ಲಾಗಲಿ. ಆದರೆ ನನ್ನ ಕೈಯಲ್ಲಿ ಇಪ್ಪತ್ತು ದಿನವಿತ್ತು. ನಾಯಿಯ ಕೈಯಲ್ಲೂ ಅಷ್ಟೇ.

ಬೆಳಿಗ್ಗೆ ಹೆಣ್ಣುಮಕ್ಕಳನ್ನು ಸೇರಿಸಿ, ಇವತ್ತಿನಿಂದ ಯಾರೂ ನಾಯಿಯ ಹೆಸರು ಎತ್ತಬಾರದು ಎಂದೆ. "ಹಂಗಾರ ಏನಂತ ಕರಿಯೂಣ್ರಿ, ಸಾಹೇಬರ ಅನ್ನೂಣೇನ್ರಿ?" ಎಂದು ಒಬ್ಬಳು ಕೇಳಿದಳು. ಸಾಲು ಸಾಲೇ ನಕ್ಕಿತು. ದೊಡ್ಡವ್ವ ಕಣ್ಣು ಬಿಟ್ಟ ಮೇಲೆ ಸುಮ್ಮನಾದರು. ಹುಣಸೆಯ ಬರಲು ಒಲೆಗೆ ಹೋಯಿತು. ಸರಪಳಿ ತೆಗೆದು ಹಳೆಯ ತೊಗಲಿನ ಪಟ್ಟಿ ಹಾಕಿದೆ. ಹಗ್ಗ ಮಾತ್ರ ಉಳಿಸಿಕೊಂಡೆ.

ಆ ಕೂಗು ಕಲಿಯಲು ನನಗೇ ಎರಡು ದಿನ ಹಿಡಿಯಿತು. ಹೊಟ್ಟೆಯಿಂದ ಬರಬೇಕು, ಕೊನೆಯಲ್ಲಿ ಮೇಲೇರಬಾರದು. ಮೇಲೇರಿದರೆ ಬರ್ತೀಯಾ ಎಂದು ಪ್ರಶ್ನೆ ಕೇಳಿದ ಹಾಗಾಗುತ್ತದೆ ಎಂದು ದೊಡ್ಡವ್ವ ತಿದ್ದಿದಳು. ಮೊದಲ ವಾರ ಮೂರು ಮಾರು ಅಂತರದಿಂದ, ಹಗ್ಗ ಹಿಡಿದು, ದಿನಕ್ಕೆ ಎರಡೇ ಸಲ. ಹಂಡ್ಯಾ ನನ್ನ ಕಡೆ ತಿರುಗಿದ್ದಾಗ, ಬರುತ್ತಾನೆಂದು ಅನಿಸಿದಾಗ ಮಾತ್ರ. ಬಂದರೆ ಒಂದು ತುಣುಕು ರೊಟ್ಟಿ, ಕಿವಿಯ ಹಿಂದೆ ಕೈ, ಮತ್ತೆ ಬಿಡುವುದು. ಎರಡನೆಯ ವಾರ ಇಪ್ಪತ್ತು ಮಾರು. ಆ ವಾರದ ಕೊನೆಗೆ ಹಗ್ಗ ಕೈಬಿಟ್ಟು, ನೆಲದ ಮೇಲೆ ಎಳೆದಾಡಿಕೊಂಡು. ಒಮ್ಮೆ ಬರಲಿಲ್ಲ. ಬೀಳಿನಲ್ಲಿ ಇಲಿಯ ಬಿಲ ಕೆದರುತ್ತಿದ್ದ. ಇನ್ನೊಮ್ಮೆ ಕರೆಯಲು ಬಾಯಿ ತೆರೆದವನು ಮುಚ್ಚಿಕೊಂಡು, ಎರೆಮಣ್ಣಿನಲ್ಲಿ ಕಾಲು ಹೂತುಕೊಳ್ಳುತ್ತ ಅಲ್ಲಿಯವರೆಗೆ ನಡೆದು ಹೋಗಿ, ಪಟ್ಟಿ ಹಿಡಿದು, ಬೈಯದೆ ಕರೆತಂದೆ. ದಾರಿಯುದ್ದಕ್ಕೂ ನನ್ನ ಚಪ್ಪಲಿಗೆ ಮಣ್ಣು ಮೆತ್ತಿ ಒಂದೊಂದು ಸೇರಿನ ತೂಕ ಆಗಿತ್ತು.

ಚಿಗರಿ ಎದುರಿಗಿದ್ದಾಗ ಮಾತ್ರ ಕರೆದು ನೋಡಲಿಲ್ಲ. ಬೆಳಗಿನ ಹೊತ್ತು ಹಿಂಡು ಬಂದರೆ ನಾನೇ ಡಬ್ಬಿ ಬಡಿದು ಓಡಿಸಿ, ಆಮೇಲೆ ನಾಯಿಯನ್ನು ಬಿಚ್ಚುತ್ತಿದ್ದೆ. ಹಾಗಾಗಿ ನಿಜವಾದ ಪ್ರಶ್ನೆಗೆ ಉತ್ತರ ನನ್ನ ಹತ್ತಿರ ಇರಲೇ ಇಲ್ಲ.

ದೀಪಾವಳಿಗೆ ನಾಲ್ಕು ದಿನ ಇರುವಾಗ, ಬೆಳಗಿನ ಪರಾಗ ಸವರುವ ಕೆಲಸ ಜೋರಾಗಿ ನಡೆದಿದ್ದಾಗ, ಗಾರ್ಡು ಬಂದ. ಗೌಡರು ಅವನ ಜೊತೆ ಬದುವಿನ ಮೇಲೆ ನಿಂತು ಏನೋ ತೋರಿಸುತ್ತಿದ್ದರು. ಅಷ್ಟರಲ್ಲಿ ಬಡಗಣ ಮೂಲೆಯಲ್ಲಿ ಪರಾಗಕ್ಕೆಂದೇ ಬೆಳೆಸಿದ ಗಂಡು ಹೂವಿನ ಸಾಲುಗಳಲ್ಲಿ ಕೋಡು ಕಂಡವು. ಒಂದು ಕರಿಯ ಗಂಡು ಚಿಗರಿ, ಐದಾರು ಹೆಣ್ಣು, ಒಂದು ಮರಿ. ನಾನು ಡಬ್ಬಿಯ ಕಡೆ ತಿರುಗುವಷ್ಟರಲ್ಲಿ ಹಂಡ್ಯಾ ಹೋಗಿಯಾಗಿತ್ತು. ಸಾಲಿನ ಸಂದಿಯಲ್ಲಿ ಬಾಗಿ ಓಡಿ ಹಿಂಡನ್ನು ಹೊರಗೆ ಹಾಕಿದ, ಅಲ್ಲಿಗೆ ಅವನ ಕೆಲಸ ಮುಗಿದಿತ್ತು. ಬದು ಜಿಗಿದ. ಹಿಂಡು ಜಿಗಿಜಿಗಿಯುತ್ತ ಬೀಳಿಗೆ ಬಿತ್ತು. ಮರಿ ಹಿಂದುಳಿಯಿತು.

ನಾನು ಒಮ್ಮೆ ಕೂಗಿದೆ.

ಅವನು ಓಡುತ್ತಲೇ ಇದ್ದ.

"ಕರಿಯೋ!" ಗೌಡರು ಅಂದರು. "ಮತ್ತ ಕರಿಯಲೇ, ಬಾಯಾಗ ಏನ್ ಇಟ್ಕೊಂಡಿ?" ಗಾರ್ಡು ಜೇಬಿನಿಂದ ಡೈರಿ ತೆಗೆದ. ಎರಡನೆಯ ಕೂಗು ನನ್ನ ಗಂಟಲಿನವರೆಗೆ ಬಂದಿತ್ತು. ಅದನ್ನು ಅಲ್ಲಿ ಹಿಡಿದಿಡಲು ಎರಡೂ ಕೈಯಿಂದ ಪಂಚೆಯ ಅಂಚು ಹಿಡಿದುಕೊಂಡೆ. ಸಾಲಿನಲ್ಲಿ ಎಲ್ಲರೂ ಎದ್ದು ನಿಂತು ನೋಡುತ್ತಿದ್ದರು. ದೊಡ್ಡವ್ವ ಒಬ್ಬಳೇ ತಲೆ ಎತ್ತದೆ ಒಂದು ಹೂವಿನಿಂದ ಇನ್ನೊಂದಕ್ಕೆ ಪರಾಗ ಸವರುತ್ತಿದ್ದಳು.

ಬೀಳಿನ ನಡುವೆ ಹಂಡ್ಯಾನ ಓಟ ಸಡಿಲಾಯಿತು. ನಿಂತ. ಮರಿ ಹೋದ ಕಡೆ ನೋಡಿದ. ನಮ್ಮ ಕಡೆ ನೋಡಿದ. ಆಮೇಲೆ ನೇರ ಬರಲಿಲ್ಲ, ಏನೋ ನೆನಪಾದವರ ಹಾಗೆ ಅಡ್ಡಾದಿಡ್ಡಿ ನೆಲ ಮೂಸುತ್ತ, ಒಂದು ಕಡೆ ಕಾಲೆತ್ತಿ ಬಂದ. ಬದು ಹತ್ತಿ, ನನ್ನ ಮುಂದೆ ನಿಂತು, ಪಂಚೆಯ ಗಂಟು ಮೂಸಿದ. ಗಂಟು ಬಿಚ್ಚಿ ಒಂದು ತುಣುಕು ರೊಟ್ಟಿ ಕೊಟ್ಟು, ಕಿವಿಯ ಹಿಂದೆ ಕೈಯಾಡಿಸಿದೆ.

ಗಾರ್ಡು ಡೈರಿ ಜೇಬಿಗೆ ಹಾಕಿಕೊಂಡು, "ಇದು ಇರ್ಲಿ ಬಿಡ್ರಿ ಗೌಡ್ರ," ಅಂದ.

ಗೌಡರ ಮುಖ ಅರಳಿತು. ಯಾವತ್ತೂ ಇಲ್ಲದ್ದು ನನ್ನ ಹೆಗಲ ಮೇಲೆ ಕೈಯಿಟ್ಟರು. "ಬಂತಲ್ಲೋ ವಕೀಲಪ್ಪ! ಅಲ್ಲಿ ತನಕ ಬಿಟ್ಟು ಇನ್ನೊಮ್ಮೆ ಕರದು ತೋರಸು. ನನ್ನ ಕಣ್ಣಿನ ಮ್ಯಾಲ ನನಗ ನಂಬಿಗಿ ಇಲ್ಲ."

ನನಗೂ ಇರಲಿಲ್ಲ. ಕೂಗಿಗೆ ಬಂದನೋ, ದಣಿದು ಬಂದನೋ, ಮರಿ ಕೈಮೀರಿತೆಂದು ಬಂದನೋ, ಒಂದು ಸಲದಿಂದ ಹೇಗೆ ಹೇಳುವುದು? ಎದುರು ಪಕ್ಷದಲ್ಲಿ ನಾನಿದ್ದಿದ್ದರೆ ಈ ನಾಯಿಯನ್ನು ಎರಡು ನಿಮಿಷದಲ್ಲಿ ಸೋಲಿಸುತ್ತಿದ್ದೆ.

"ಇಲ್ರಿ ಗೌಡ್ರ," ಎಂದೆ. "ಬಂದೈತಿ."